ಉಳ್ಳಾಗಡ್ಡಿ ಚಿತ್ರದ ಮೇಲೆ ಅಂಗೈ

ಅಫಜಲಪುರದ ಬಜಾರಿಗೆ ಹೋದರೆ ನನಗೆ ಒಂದು ಕಾಟ ತಪ್ಪಿದ್ದಲ್ಲ. ಜೀರಿಗೆ ಸಾಸಿವೆ ತರಲು ಹೋದವಳನ್ನು ಯಾರಾದರೂ ತಾಯಿ ಹಿಡಿದು ನಿಲ್ಲಿಸುತ್ತಾಳೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮುಖ ಕಾಣುವಷ್ಟು ಹೊಳೆಯುವ ಪುಸ್ತಕ. ಫೋನಿಕ್ಸ್ ಪುಸ್ತಕವಂತೆ, ಅಂಗಡಿಯವನು ಇದೇ ಚಲೋ ಅಂದನಂತೆ, ತೊಗೊಳ್ಳಲೇನ್ರಿ ಅಕ್ಕೋರೆ ಎಂದು ಕೇಳುತ್ತಾಳೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುವುದು ರೂಢಿ. ನಿವೃತ್ತಿಯಾದರೂ ಆ ಹೆಸರು ಬಿಡುವುದಿಲ್ಲ, ಅದರ ಜೊತೆಗಿನ ಕೆಲಸವೂ ಬಿಡುವುದಿಲ್ಲ.

ನಾನು ಪುಸ್ತಕ ಬಿಡಿಸಿ, ಚಿತ್ರದ ಮೇಲೆ ನನ್ನ ಅಂಗೈ ಇಟ್ಟು, ಈಗ ಮಗುವಿಗೆ ಓದಲು ಹೇಳಮ್ಮಾ ಎನ್ನುತ್ತೇನೆ. ಮಗು ನನ್ನ ಬಳೆ ನೋಡುತ್ತದೆ. ತಾಯಿ ನನ್ನ ಮುಖ ನೋಡುತ್ತಾಳೆ. ಅಕ್ಕೋರಿಗೆ ವಯಸ್ಸಾಯಿತು ಅಂದುಕೊಂಡು ಆ ಹೊಳೆಯುವ ಪುಸ್ತಕವನ್ನೇ ಕೊಂಡುಕೊಂಡು ಹೋಗುತ್ತಾಳೆ. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿದೆ. ಅದಕ್ಕೇ ಈಗ ಬರೆದು ಹೇಳುತ್ತಿದ್ದೇನೆ. ಹೊಸದಾಗಿ ಒಂದನೇ ತರಗತಿ ಕೈಗೆ ಬಂದಿರುವ ಹುಡುಗ ಹುಡುಗಿಯರು ಓದಿದರೆ ಸಾಕು. ನನ್ನ ಬಡ್ತಿ, ಶಾಲು, ಹಾರಗಳ ವಿಷಯ ಇಲ್ಲಿ ಇಲ್ಲ. ಅವೆಲ್ಲ ಟ್ರಂಕಿನಲ್ಲಿ ಇವೆ, ಅಲ್ಲೇ ಇರಲಿ.

ಫೋನಿಕ್ಸ್ ಎಂದು ಈಗ ದೊಡ್ಡ ಹೆಸರು ಬಂದಿದೆ. ಅದರ ಒಳಗಿರುವುದು ಇಷ್ಟೇ: ಪ್ರತಿ ಅಕ್ಷರಕ್ಕೂ ಒಂದು ಧ್ವನಿ, ಆ ಧ್ವನಿಗಳನ್ನು ಕೂಡಿಸಿದರೆ ಒಂದು ಮಾತು. ಬರೆದಂತೆ ಓದುವ ನಮ್ಮ ಕನ್ನಡಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಇಷ್ಟು ಸುಲಭದ ಕೆಲಸವನ್ನೂ ನಾವು ಕೆಡಿಸಿಕೊಂಡೆವಲ್ಲ, ಅದೇ ನನ್ನ ಸಂಕಟ. ಕೆಡಿಸಿದ್ದು ಮಕ್ಕಳಲ್ಲ, ಬಹಳ ಸಲ ಮಾಸ್ತರರೂ ಅಲ್ಲ. ಪುಸ್ತಕ ಆರಿಸುವ ಕೈಗಳು.

ಮೊದಲ ಪೆಟ್ಟು ನನಗೆ ಬಿದ್ದದ್ದು ಜೇವರ್ಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ. ಆಗಷ್ಟೇ ಒಂದನೇ ತರಗತಿಗೆ ಇಂಗ್ಲಿಷ್ ಬಂದಿತ್ತು. ಎಲ್ಲಿಂದಲೋ ಬಣ್ಣದ ಚಾರ್ಟುಗಳ ಒಂದು ಸುರುಳಿ ಬಂತು. ಅದರಲ್ಲಿ ಇಂಗ್ಲಿಷಿನ ‘ಐ’ ಅಕ್ಷರದ ಪಕ್ಕ ಹಿಮದ ಮನೆಯ ಚಿತ್ರ, ಕೆಳಗೆ ಇಗ್ಲೂ ಎಂದು ಹೆಸರು. ಹೊರಗೆ ಬಿಸಿಲು ಹೇಗಿತ್ತೆಂದರೆ ನಲ್ಲಿಯ ನೀರು ಕೈಗೆ ಸುಡುತ್ತಿತ್ತು. ನಾನು ಕೋಲು ಇಟ್ಟು ಇದೇನು ಎಂದು ಕೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಗುಮ್ಮಜ್ ಅದರಿ ಅಕ್ಕೋರೆ, ಬಾಗ್ಲಾ ಸಣ್ಣದ ಮಾಡ್ಯಾರ” ಎಂದಳು. ನಮ್ಮ ಕಡೆ ಊರ ಹೊರಗೆ ಹಳೆಯ ಗುಮ್ಮಟಗಳು ಎಷ್ಟೋ ಇವೆ. ಮಗು ಕಂಡದ್ದನ್ನು ಹೇಳಿತು. ಕಂಡದ್ದರ ಮೊದಲ ಧ್ವನಿ ‘ಗ’. ಚಾರ್ಟು ಬಯಸಿದ್ದು ‘ಇ’. ನಡುವೆ ನಿಂತ ನಾನು ಕೋಲು ಹಿಡಿದುಕೊಂಡು ಏನು ಮಾಡಬೇಕಿತ್ತು?

ನಮ್ಮ ಹೆಡ್‌ಮಾಸ್ತರರು ದಾರಿ ತೋರಿಸಿದರು. ಎಲ್ಲರೂ ಕೂಡಿ ಒದರಲಿ, ತಾನೇ ಬರುತ್ತದೆ ಎಂದರು. ಒದರಿದರು. ಬಂತು. ಇಡೀ ತರಗತಿ ಗೋಡೆ ಬಿರಿಯುವಂತೆ ಇಗ್ಲೂ ಇಗ್ಲೂ ಎಂದಿತು. ಓದಲು ಬಂತೇ ಎಂದು ಯಾರೂ ಕೇಳಲಿಲ್ಲ.

ಎರಡನೆಯದು ಪುಸ್ತಕ ಕೊಳ್ಳುವ ಪದ್ಧತಿ. ಅನುದಾನ ಬರುವುದು ವರ್ಷದ ಕೊನೆಗೆ, ಖರ್ಚು ಮಾಡಬೇಕಾದದ್ದು ಅದೇ ವಾರದಲ್ಲಿ. ಒಂದು ಮಧ್ಯಾಹ್ನ ಹೆಡ್‌ಮಾಸ್ತರರು ತಾಲ್ಲೂಕಿಗೆ ಹೋಗಿ ಚೀಲ ತುಂಬಿಸಿಕೊಂಡು ಬರುತ್ತಿದ್ದರು. ಯಾವ ಶಾಲೆಗೆ ಹೋದರೂ ನಾನು ಕಂಡದ್ದು ಅದೇ ಚೀಲ. ಬಿಚ್ಚಿದರೆ ಒಳಗೆ ಮಹಾಪುರುಷರ ಚರಿತ್ರೆ, ಸಾಮಾನ್ಯ ಜ್ಞಾನ, ಪತ್ರ ಬರೆಯುವ ಕಲೆ. ಒಂದು ಸಲ ಒಂದನೇ ತರಗತಿಗೆಂದು ಬಂದ ಕಟ್ಟಿನಲ್ಲಿ ಮನೆಮದ್ದಿನ ಪುಸ್ತಕವೂ ಇತ್ತು. ಇದು ಆರು ವರ್ಷದ ಮಕ್ಕಳಿಗೇ ಎಂದು ಕೇಳಿದರೆ, ದಪ್ಪ ಅದ ಅಲ್ಲಾ ಎಂದು ಉತ್ತರ. ತೆಳ್ಳನೆಯ ಪುಸ್ತಕ ತಂದರೆ ದುಡ್ಡು ನುಂಗಿದರು ಎಂದು ಜನ ಆಡಿಕೊಳ್ಳುತ್ತಾರಂತೆ. ಮಗುವಿಗೆ ಬೇಕಾದದ್ದು ಮಾತ್ರ ತೆಳ್ಳನೆಯದು. ಹಾಳೆಗೆ ಒಂದು ಸಾಲು, ಸಾಲಿಗೆ ಎರಡು ಮಾತು, ಆ ಎರಡು ಮಾತಿನಲ್ಲಿ ಅದು ಕಲಿತ ಅಕ್ಷರ ಬಿಟ್ಟು ಬೇರೆ ಒಂದೂ ಇರಕೂಡದು. ಅಂಥ ಪುಸ್ತಕವನ್ನು ಕೇಳಿದಾಗ ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿದ. ಅಷ್ಟು ಬಡ ಪುಸ್ತಕ ಯಾರೂ ಅಚ್ಚು ಹಾಕುವುದಿಲ್ಲ ಎಂದ.

ಇದನ್ನೆಲ್ಲ ನುಂಗಿಕೊಂಡು ಹೇಗೋ ದಿನ ದೂಡುತ್ತಿದ್ದೆ. ಆದರೆ ನೀಲಮ್ಮನ ವಿಷಯದಲ್ಲಿ ನನಗೆ ತಡೆಯಲಾಗಲಿಲ್ಲ.

ಕರಜಗಿಯ ಹತ್ತಿರದ ಒಂದು ಹಳ್ಳಿ. ನನ್ನ ನೌಕರಿಯ ಕೊನೆಯ ಶಾಲೆ ಅದು. ವರ್ಗವಾಗಿ ನಾನು ಅಲ್ಲಿಗೆ ಹೋದಾಗ ವರ್ಷ ಅರ್ಧ ಕಳೆದಿತ್ತು, ದಸರಾ ಸೂಟಿ ಮುಗಿದಿತ್ತು. ಹೆಡ್‌ಮಾಸ್ತರ್ ಸಿದ್ರಾಮಪ್ಪ ಒಳ್ಳೆಯ ಮನುಷ್ಯ. ಮಕ್ಕಳಿಗೆ ಬೈಯುವವರಲ್ಲ, ಊಟದಲ್ಲಿ ಬೇಳೆ ಕಡಿಮೆಯಾದರೆ ಅಡುಗೆಯವರ ಜೊತೆ ಜಗಳ ತೆಗೆಯುವವರು. ಅವರಿಗಿದ್ದ ಹೆದರಿಕೆ ಒಂದೇ, ಫಲಿತಾಂಶ. ಮೇಲಿನವರು ಬಂದು ಓದಿಸಿ ನೋಡಿದಾಗ ಎಲ್ಲರೂ ಓದಬೇಕು. ಮೊದಲ ದಿನವೇ ನನಗೆ ತರಗತಿ ತೋರಿಸುತ್ತಾ, ಎಲ್ಲರೂ ಓದುತ್ತಾರೆ, ಒಬ್ಬಳು ಮಾತ್ರ ಇಲ್ಲ ಎಂದರು. ಕಿಟಕಿಯ ಹತ್ತಿರ ಎರಡು ಜಡೆ ಹಾಕಿಕೊಂಡು ಕೂತಿದ್ದ ನೀಲಮ್ಮನತ್ತ ಗೋಣು ಹಾಕಿ, ದನಿ ಇಳಿಸಿ, “ಅದಕ್ಕ ಬುದ್ಧಿ ಕಮ್ಮಿ ಅದರಿ. ಕ್ಯಾಂಪಿಗಿ ಹೆಸರ ಕೊಟ್ಟೇನಿ” ಎಂದರು.

ಆ ಕ್ಯಾಂಪಿನ ವಿಷಯ ಹೇಳಬೇಕು. ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿ ಬೆಳೆಯದ ಮಕ್ಕಳನ್ನು ಡಾಕ್ಟರು ನೋಡುವ ಶಿಬಿರ ಅಫಜಲಪುರದಲ್ಲಿ ನಡೆಯುತ್ತಿತ್ತು. ಒಳ್ಳೆಯ ಕೆಲಸ ಅದು. ನಾನೇ ಕೈಹಿಡಿದು ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಕಿವಿಯ ಮಷೀನು ಹಾಕಿಸಿಕೊಂಡು ಮೊದಲ ಸಲ ಬಸ್ಸಿನ ಹಾರ್ನು ಕೇಳಿ ಬೆಚ್ಚಿಬಿದ್ದ ಮಗುವನ್ನು ನೋಡಿ ಅತ್ತಿದ್ದೇನೆ. ಆದರೆ ಸಿದ್ರಾಮಪ್ಪನವರ ಲೆಕ್ಕ ಬೇರೆ. ಆ ಪಟ್ಟಿಗೆ ಸೇರಿದ ಮಗುವನ್ನು ಓದುವ ಪರೀಕ್ಷೆಗೆ ಹಿಡಿಯುವುದಿಲ್ಲ ಎಂದು ಅವರು ತಿಳಿದಿದ್ದರು. ನೀಲಮ್ಮ ಪಟ್ಟಿಗೆ ಹೋದರೆ ಉಳಿದವರೆಲ್ಲ ಪಾಸು. ಶಿಬಿರ ಇದ್ದದ್ದು ಸಂಕ್ರಾಂತಿ ಮುಗಿದ ಮೇಲೆ.

ಮರುದಿನ ಅವಳ ತಾಯಿ ಮಹಾದೇವಿ ಕಂಕುಳಲ್ಲಿ ಕೂಸು ಇಟ್ಟುಕೊಂಡು ಶಾಲೆಯ ಬಾಗಿಲಿಗೆ ಬಂದಳು. ಹೊಸ ಅಕ್ಕೋರಿಗೆ ಒಂದು ಮಾತು ಹೇಳಬೇಕಿತ್ತಂತೆ. ಸೆರಗಿನ ಚುಂಗು ಹಿಂಡುತ್ತಾ ಹೇಳಿದಳು.

“ಮನ್ಯಾಗ ಎಲ್ಲಾ ಕೆಲಸ ಮಾಡ್ತಾದ್ರಿ ನಮ್ಮ ನೀಲಿ. ಕೂಸಿನ್ನ ಆಡಸ್ತಾದ, ಅಂಗಡಿಗಿ ಹೋಗಿ ಚಿಲ್ಲರ ತಪ್ಪದಂಗ ತರ್ತಾದ. ಕಾಗದದ ಮ್ಯಾಲ ಒಮ್ಮಿ ಬುದ್ಧಿಗೇಡಿ ಅಂತ ಬರದ್ರ ಅಳಸೋರ ಯಾರ್ರಿ ಅಕ್ಕೋರೆ?”

ನಾನು ಏನೂ ಭರವಸೆ ಕೊಡಲಿಲ್ಲ. ಮಗುವನ್ನು ನೋಡದೆ ಭರವಸೆ ಕೊಡುವುದು ನನ್ನ ಜಾಯಮಾನವಲ್ಲ. ಆದರೆ ಆ ಕಂಕುಳ ಕೂಸನ್ನು ನೋಡಿ ಒಂದು ಪ್ರಶ್ನೆ ಕೇಳಿದೆ. ಹೆರಿಗೆ ಎಲ್ಲಾಯಿತು ಎಂದೆ. ತವರಿನಲ್ಲಿ, ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ ಎಂದಳು. ನಮ್ಮ ಕಡೆ ಬಸುರಿ ತವರಿಗೆ ಹೋದರೆ ದೊಡ್ಡ ಮಗುವೂ ಸೆರಗು ಹಿಡಿದುಕೊಂಡು ಹೋಗುತ್ತದೆ, ಬಾಣಂತನ ಮುಗಿಯುವ ತನಕ ಬರುವುದಿಲ್ಲ. ನೀಲಮ್ಮನೂ ಹೋಗಿದ್ದಳು. ಜೂನಿನಲ್ಲಿ ಹೆಸರು ಹಚ್ಚಿ ಹೋದವಳು, ದಸರೆಯ ಮುಂಚೆ ತರಗತಿಗೆ ಬಂದು ಕೂತಿದ್ದಳು. ಈ ಸಂಗತಿ ಸಿದ್ರಾಮಪ್ಪನವರಿಗೂ ಗೊತ್ತಿತ್ತು. ಗೊತ್ತಿದ್ದೂ ಬುದ್ಧಿ ಕಮ್ಮಿ ಎಂದಿದ್ದರು. ಅಯ್ಯೋ ಶಿವನೇ ಎಂದು ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಅವತ್ತು ಮಧ್ಯಾಹ್ನ ಅವಳನ್ನು ಮೇಜಿನ ಹತ್ತಿರ ಕೂಡಿಸಿಕೊಂಡು ಶಾಲೆಯ ಬಣ್ಣದ ಅಕ್ಷರ ಪುಸ್ತಕ ತೆಗೆದೆ. ದೊಡ್ಡ ದೊಡ್ಡ ಚಿತ್ರ, ಮೂಲೆಯಲ್ಲಿ ಅಕ್ಷರ. ‘ಈ’ ತೋರಿಸಿದೆ. ಅವಳು ಚಿತ್ರ ನೋಡಿದಳು, ತುಟಿಯಲ್ಲೇ ಏನೋ ಅಂದುಕೊಂಡಳು, ‘ಉ’ ಎಂದಳು. ‘ಏ’ ತೋರಿಸಿದರೆ ‘ನಿ’ ಎಂದಳು. ‘ಕ’ ತೋರಿಸಿದರೆ ‘ಶೇ’ ಎಂದಳು. ಹಿಂದಿನ ಬೆಂಚಿನಿಂದ ಮಕ್ಕಳು ನಕ್ಕರು. ಅವಳ ಕಿವಿ ಕೆಂಪಾಯಿತು, ಆದರೆ ಉತ್ತರ ಬದಲಿಸಲಿಲ್ಲ. ಮತ್ತೆ ಕೇಳಿದೆ, ಹಿಂದುಮುಂದು ಮಾಡಿ ಕೇಳಿದೆ. ಅವೇ ಉತ್ತರ. ತಿಳಿಯದೆ ಊಹಿಸುವ ಮಗು ಒಮ್ಮೆ ಒಂದು ಹೇಳುತ್ತದೆ, ಇನ್ನೊಮ್ಮೆ ಇನ್ನೊಂದು. ಈ ಹುಡುಗಿ ಪ್ರತಿ ಸಲವೂ ಅದೇ ತಪ್ಪು ಮಾಡುತ್ತಿದ್ದಳು. ಯಾಕೆ ಎಂದು ನನಗೆ ಹತ್ತಲಿಲ್ಲ.

ಚಿತ್ರದ ಮೇಲೆ ಬೆರಳಿಟ್ಟು ಇದೇನು ಎಂದೆ. ಉಳ್ಳಾಗಡ್ಡಿ ಎಂದಳು. ಮುಂದಿನದು ನಿಚ್ಚಣಿಕಿ. ಅದರ ಮುಂದಿನದು ಶೇಂಗಾ.

ನನ್ನ ಮೈ ಉರಿಯಿತು. ಪುಸ್ತಕ ಮಾಡಿದವರು ಚಿತ್ರದ ಕೆಳಗೆ ಬರೆದದ್ದು ಈರುಳ್ಳಿ, ಏಣಿ, ಕಡಲೆಕಾಯಿ. ಅವರ ಕಡೆ ಹಾಗೆ ಅನ್ನುತ್ತಾರೆ, ಅದು ಅವರ ತಪ್ಪಲ್ಲ. ನಮ್ಮ ಕಡೆ ಯಾರ ಬಾಯಲ್ಲೂ ಆ ಮಾತುಗಳಿಲ್ಲ, ಅದು ನಮ್ಮ ತಪ್ಪಲ್ಲ. ಆದರೆ ಚಿತ್ರ ನೋಡು, ಹೆಸರು ಹೇಳು, ಮೊದಲ ಧ್ವನಿ ಹಿಡಿ ಎಂದು ಆ ಪುಸ್ತಕವೇ ಮೊದಲ ಪುಟದಲ್ಲಿ ಹೇಳಿತ್ತು. ಹೇಳಿದಂತೆ ಮಾಡಿದ್ದು ಇಡೀ ತರಗತಿಯಲ್ಲಿ ಇವಳೊಬ್ಬಳೇ. ಉಳಿದವರು ಜೂನಿನಿಂದ ಕೂಡಿ ಒದರಿ ‘ಈ’ ಎಂದರೆ ಈರುಳ್ಳಿ ಎಂದು ಬಾಯಿಪಾಠ ಮಾಡಿದ್ದರು. ಅವರಿಗೆ ಪುಸ್ತಕ ನೋಡುವ ಅಗತ್ಯವೇ ಇರಲಿಲ್ಲ. ಒದರುವ ತಿಂಗಳುಗಳಲ್ಲಿ ಇವಳು ಮಾದನಹಿಪ್ಪರಗಾದಲ್ಲಿ ಕೂಸಿನ ತೊಟ್ಟಿಲು ತೂಗುತ್ತಿದ್ದಳು. ಬಾಯಿಪಾಠ ಮಾಡಿದವರು ಪಾಸು, ಓದಲು ಹೊರಟವಳು ಬುದ್ಧಿಗೇಡಿ.

ಸಿದ್ರಾಮಪ್ಪನವರ ಹತ್ತಿರ ಹೋಗಿ ಇದನ್ನು ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಕೇಳಿ, ಹಾಗಾದರೆ ಅವಳಿಗೆ ಈರುಳ್ಳಿ ಅನ್ನೋದು ಕಲಿಸಿಬಿಡಿ, ಮುಗಿಯಿತು ಎಂದರು. ಮುಗಿಯಲಿಲ್ಲ ಸರ್, ಪ್ರತಿ ಚಿತ್ರಕ್ಕೂ ಹೊಸ ಹೆಸರು ಬಾಯಿಪಾಠ ಮಾಡಿಸಿದರೆ ಅದು ಓದುವುದು ಹೇಗಾಗುತ್ತದೆ ಎಂದೆ. ಹೆಸರು ಈಗಾಗಲೇ ಕಳಿಸಿಯಾಗಿದೆ, ಡಾಕ್ಟರು ನೋಡಲಿ ಬಿಡಿ ಎಂದರು. ಸಂಕ್ರಾಂತಿಯ ತನಕ ನನಗೆ ಟೈಮು ಇತ್ತು. ಅಷ್ಟರಲ್ಲಿ ಆ ಹುಡುಗಿ ಓದಬೇಕು, ಯಾರ ಮುಂದೆ ನಿಂತರೂ ಓದಬೇಕು.

ಪುಸ್ತಕ ಹುಡುಕಲು ಶಾಲೆಯ ಕಪಾಟು ತೆಗೆದೆ. ಅಫಜಲಪುರದ ಅಂಗಡಿಗಳನ್ನು ಸುತ್ತಿದೆ. ಒಂದರಲ್ಲಿ ಗುಂಡಿ ಒತ್ತಿದರೆ ಹಾಡುವ ಪುಸ್ತಕ ತೋರಿಸಿದರು. ಒತ್ತಿದರೆ ಅದೇ ಓದುತ್ತದಂತೆ. ಮಗು ಏನು ಮಾಡಬೇಕು ಎಂದು ಕೇಳಿದರೆ, ಒತ್ತಬೇಕು ಎಂದ ಅಂಗಡಿಯವನು. ಬರಿಗೈಯಲ್ಲಿ ಬಂದೆ. ನಾನೇ ಮಾಡುವುದೆಂದು ನೋಟುಬುಕ್ಕಿನ ಹಾಳೆ ಹೊಲಿದು ಪುಸ್ತಕ ಮಾಡಿದೆ. ಆರು ವರ್ಷದ ಕೈಗಳಲ್ಲಿ ಎರಡನೇ ದಿನಕ್ಕೆ ಚಿಂದಿಯಾಯಿತು. ದಪ್ಪ ಕಾಗದ ಬೇಕಿತ್ತು.

ಹಳ್ಳಿಯಲ್ಲಿ ದಪ್ಪ ಬಿಳಿ ಕಾಗದ ಎಲ್ಲಿರುತ್ತದೆ? ಲಗ್ನಪತ್ರಿಕೆಯಲ್ಲಿ. ಪ್ರತಿ ಮನೆಯ ಗೂಡಿನಲ್ಲೂ ಕಟ್ಟು ಕಟ್ಟು ಇರುತ್ತವೆ, ಒಂದು ಮಗ್ಗುಲು ಖಾಲಿ. ನೀಲಮ್ಮನ ಮನೆಗೇ ಮೊದಲು ಹೋದೆ. ಅವಳ ಅಜ್ಜಿ ಬಾಗಿಲಲ್ಲೇ ತಡೆದಳು. ಅರಿಷಿಣ ಹಚ್ಚಿದ ಕಾಗದ, ಮೇಲೆ ದೇವರ ಚಿತ್ರ, ಅದನ್ನು ಒಗೆಯುವಂತಿಲ್ಲ, ಹರಿಯುವಂತಿಲ್ಲ, ಭೀಮಾ ಹೊಳೆಗೇ ಬಿಡಬೇಕು. ಅದು ನನಗೂ ಗೊತ್ತಿದ್ದ ಮಾತೇ, ನಮ್ಮ ಮನೆಯಲ್ಲೂ ಹಾಗೇ ಮಾಡುತ್ತೇವೆ. ಅಂಗಳದ ಕಟ್ಟೆಯ ಮೇಲೆ ಕೂತು ಮುದುಕಿಯ ಜೊತೆ ವಾದ ಮಾಡಿದೆ. ವಾದಕ್ಕೆ ಬಗ್ಗಲಿಲ್ಲ.

“ದೇವರ ತಲಿಗಿ ಕತ್ತರಿ ಹಾಕಬ್ಯಾಡ್ರಿ ಅಕ್ಕೋರೆ. ಬೇಕಾದ್ರ ಮಡಚ್ರಿ” ಎಂದಳು ಕೊನೆಗೆ.

ಮಡಚಿದೆ. ದೇವರು, ವರ, ವಧು, ಊಟದ ವೇಳೆ ಎಲ್ಲ ಒಳಗೆ, ಖಾಲಿ ಮಗ್ಗುಲು ಹೊರಗೆ. ಮೂರು ಮೂರು ಪತ್ರಿಕೆ ಸೇರಿಸಿ ಗೋಣಿಚೀಲ ಹೊಲಿಯುವ ದಬ್ಬಣದಿಂದ ಬೆನ್ನು ಹೊಲಿದೆ. ಸುದ್ದಿ ಹಬ್ಬಿ ಮನೆ ಮನೆಯಿಂದ ಪತ್ರಿಕೆಗಳು ಬಂದವು. ಮೇಜಿನ ಮೇಲಿನ ರಾಶಿ ನೋಡಿ ಸಿದ್ರಾಮಪ್ಪನವರು, ಯಾರ ಮದುವೆ ಹಿಡಿದಿದ್ದೀರಿ ಎಂದು ಚೇಷ್ಟೆ ಮಾಡಿದರು. ನಿಮ್ಮ ಫಲಿತಾಂಶದ್ದು ಎಂದೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಚಿತ್ರ ಒಂದೂ ಇರಲಿಲ್ಲ. ಮೊದಲ ಪುಸ್ತಕಕ್ಕೆ ರ, ಗ, ಸ, ದ, ಅ, ಜ, ನ, ಬ ಇಷ್ಟೇ ಅಕ್ಷರ. ಅಆಇಈ ಬಿಟ್ಟು ಇದೇನು ಎಂದು ಊರಿನವರು ಕೇಳಿದರು. ಬೇಗ ಮಾತಾಗುವ ಅಕ್ಷರ ಮೊದಲು, ಉಳಿದವು ಆಮೇಲೆ ಎಂದೆ. ಹಾಳೆಗೊಂದು ಮಾತು ಬರೆದೆ. ದನ. ಜನ. ಸರ. ಬಸ. ಬಸ್ಸಿಗೆ ನಮ್ಮ ಕಡೆ ಹೇಗೆ ಅನ್ನುತ್ತಾರೋ ಹಾಗೆ ಬರೆದೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ. ನೀಲಮ್ಮ ‘ದ’ ಎಂದಳು, ‘ನ’ ಎಂದಳು. ಸುಮ್ಮನಾದಳು. ಮತ್ತೆ ಅಂದಳು, ಈ ಸಲ ಬೇಗ. ಆಮೇಲೆ ಕಿಟಕಿಯ ಹೊರಗೆ ಬೇವಿನ ಗಿಡಕ್ಕೆ ಕಟ್ಟಿದ್ದ ದನದ ಕಡೆ ತಿರುಗಿ ನೋಡಿದಳು. ನೌಕರಿಯಲ್ಲಿ ಇಷ್ಟು ವರ್ಷ ಬೈಗುಳ, ವರ್ಗ, ಬಿಸಿಲು ಎಲ್ಲ ಸಹಿಸಿದ್ದು ಆ ತಿರುಗಿ ನೋಡುವುದಕ್ಕೇ. ಮಗು ಓದಿತೋ ಇಲ್ಲವೋ ಎಂದು ತಿಳಿಯಲು ಅದರ ಕಣ್ಣು ನೋಡಿ, ಬಾಯಿ ನೋಡಬೇಡಿ.

ಓದಿದ ಮೇಲೆ ಚಿತ್ರ ಅವಳೇ ಬರೆಯಬೇಕು. ಅದು ನಮ್ಮಿಬ್ಬರ ಒಪ್ಪಂದ. ‘ಈ’ ಅಕ್ಷರಕ್ಕೆ ಬಂದಾಗ ಈಚಲ ಎಂದು ಬರೆದುಕೊಟ್ಟೆ. ಅವಳ ಅಜ್ಜಿ ಈಚಲ ಚಾಪೆಯ ಮೇಲೇ ಮಲಗುತ್ತಿದ್ದಳು. ‘ಏ’ ಅಕ್ಷರಕ್ಕೆ ‘ಏನು’. ಅಕ್ಷರ ಅಕ್ಷರವಾಗಿಯೇ ಅವಳಿಗೆ ಹತ್ತಿತು, ಅದರ ಹಿಂದೆ ಕಾಗುಣಿತವೂ ಹತ್ತಿತು. ಶಾಲೆಯ ಬಣ್ಣದ ಪುಸ್ತಕ ಎಲ್ಲಾದರೂ ಎದುರಾದರೆ ಚಿತ್ರದ ಮೇಲೆ ಅಂಗೈ ಇಟ್ಟು ಓದು ಎಂದು ಕಲಿಸಿದೆ. ಗೋಡೆಯ ಚಾರ್ಟುಗಳನ್ನು ನಾನೇ ಹಿಂದುಮುಂದು ತಿರುಗಿಸಿ ತೂಗುಹಾಕಿದೆ.

ಅಷ್ಟರಲ್ಲಿ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ತರಗತಿ ಬಾಗಿಲಲ್ಲಿ ನಿಂತು, ಬೆನ್ನು ತೋರಿಸುತ್ತಿದ್ದ ಚಾರ್ಟುಗಳನ್ನು ನೋಡಿದರು. ಮಕ್ಕಳ ಕೋಣೆ ಹೀಗೆ ಹಾಳು ಹಾಳು ಕಾಣಬಾರದು, ಬಣ್ಣ ಇರಬೇಕು, ಚಿತ್ರ ಇರಬೇಕು ಎಂದು ಅರ್ಧ ಗಂಟೆ ತಿಳಿಹೇಳಿದರು. ಒಂದು ಮಗುವನ್ನೂ ಓದಿಸಲಿಲ್ಲ. ಆಯಿತು ಸರ್ ಎಂದು ಎಲ್ಲ ತಿರುಗಿಸಿದೆ. ಜೀಪು ಹಳ್ಳ ದಾಟಿದ ಮೇಲೆ ಮತ್ತೆ ಮೊದಲಿನಂತೆ ಮಾಡಿದೆ. ಎಳೆಯರೇ, ಮೇಲಿನವರ ಜೊತೆ ಜಗಳ ಆಡಬೇಡಿ, ಟೈಮು ಹಾಳು. ಜೀಪು ಹೋಗುವ ತನಕ ಕಾಯಿರಿ.

ಸಂಕ್ರಾಂತಿ ಮುಗಿಯಿತು, ಕ್ಯಾಂಪು ಬಂತು. ಮಹಾದೇವಿ, ನೀಲಮ್ಮ, ಕಂಕುಳ ಕೂಸು ಗಂಗಾ, ನಾನು, ಸಿದ್ರಾಮಪ್ಪನವರು, ಎಲ್ಲ ಒಂದೇ ಬಸ್ಸಿನಲ್ಲಿ ಅಫಜಲಪುರಕ್ಕೆ ಹೋದೆವು. ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ಮೇಜುಗಳನ್ನು ಹಾಕಿದ್ದರು. ಮೊದಲು ಕಣ್ಣು, ಆಮೇಲೆ ಕಿವಿ, ಕೊನೆಗೆ ಬುದ್ಧಿ. ಆ ಕೊನೆಯ ಮೇಜಿನಲ್ಲಿ ಒಬ್ಬ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದವಳು, ಬೆಳಗಿನಿಂದ ಮಕ್ಕಳನ್ನು ನೋಡಿ ನೋಡಿ ಸುಸ್ತಾಗಿದ್ದಳು. ಅವಳ ಮುಂದೆ ಕಾರ್ಡುಗಳ ಡಬ್ಬಿ. ಮುಚ್ಚಳ ತೆಗೆದಳು. ನಮ್ಮ ಶಾಲೆಯ ಬಣ್ಣದ ಪುಸ್ತಕದ ಅವೇ ಚಿತ್ರಗಳು, ಮೂಲೆಯಲ್ಲಿ ಅವೇ ಅಕ್ಷರ, ಅದೇ ಉಳ್ಳಾಗಡ್ಡಿ.

ಇದು ಯಾವ ಅಕ್ಷರ ಎಂದು ಆ ಹುಡುಗಿ ಉಳ್ಳಾಗಡ್ಡಿಯ ಕಾರ್ಡು ಇಟ್ಟಳು. ನೀಲಮ್ಮ ಕಾರ್ಡು ನೋಡಿದಳು. ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ತನ್ನ ಪುಟ್ಟ ಅಂಗೈಯನ್ನು ಉಳ್ಳಾಗಡ್ಡಿಯ ಮೇಲೆ ಒತ್ತಿ ಇಟ್ಟು, ಸ್ಪಷ್ಟವಾಗಿ ‘ಈ’ ಎಂದಳು.

ಕೈ ತೆಗಿಯಮ್ಮಾ, ಚಿತ್ರ ಮುಚ್ಚಬಾರದು ಎಂದಳು ಮೇಜಿನ ಹುಡುಗಿ. ನೀಲಮ್ಮ ತೆಗೆಯಲಿಲ್ಲ. ಮೇಜಿನ ಹುಡುಗಿ ಇನ್ನೊಂದು ಕಾರ್ಡು ಇಟ್ಟಳು. ಅದರ ಮೇಲೂ ಅಂಗೈ. ಆ ಹುಡುಗಿ ಕೈ ಹಿಡಿದು ಸರಿಸಿದರೆ, ಇವಳು ಇನ್ನೊಂದು ಕೈ ಇಟ್ಟಳು. ಮೇಜಿನ ಹುಡುಗಿ ನಿಟ್ಟುಸಿರುಬಿಟ್ಟು ಕಾಗದದ ಮೇಲೆ ಏನೋ ಬರೆದುಕೊಂಡಳು. ಬಗ್ಗಿ ನೋಡಿದೆ. ಸೂಚನೆ ಪಾಲಿಸುವುದಿಲ್ಲ ಎಂದು ಬರೆದಿದ್ದಳು.

ಅಷ್ಟು ವರ್ಷ ಹಿಡಿದಿಟ್ಟಿದ್ದ ಸಿಟ್ಟೆಲ್ಲ ಆ ಕೋಣೆಯಲ್ಲಿ ಹೊರಗೆ ಬಂತು. ಸಿದ್ರಾಮಪ್ಪನವರು ಬ್ಯಾಡ್ರಿ ಅಕ್ಕೋರೆ, ಬ್ಯಾಡ್ರಿ ಎನ್ನುತ್ತಲೇ ಇದ್ದರು. ಈ ಮಗು ಓದಿದ್ದಕ್ಕೆ ನೀವು ಮಾರ್ಕು ಕಳೆಯುತ್ತಿದ್ದೀರಿ, ಅದು ಚಿತ್ರ ಮುಚ್ಚುವುದು ಅಕ್ಷರ ಕಾಣಲಿ ಎಂದು, ಓದುವುದು ಬೇಕೋ ಉಳ್ಳಾಗಡ್ಡಿ ಬೇಕೋ ಹೇಳಿ ಎಂದು ಕೂಗಿದೆ. ಸಾಲಿನಲ್ಲಿದ್ದ ಜನ ತಿರುಗಿ ನೋಡಿದರು. ಮಹಾದೇವಿಯ ಕಂಕುಳಲ್ಲಿ ಗಂಗಾ ಅಳತೊಡಗಿತು. ಗದ್ದಲ ಕೇಳಿ ಪಕ್ಕದ ಕೋಣೆಯಿಂದ ಡಾಕ್ಟರು ಎದ್ದು ಬಂದರು.

ನಡುವಯಸ್ಸಿನ ಮನುಷ್ಯ. ಊಟ ಮಾಡಿರಲಿಲ್ಲ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ನೀಲಮ್ಮನ ಎದುರಿಗೆ ಕೂತರು. ಕಾರ್ಡಿನ ಡಬ್ಬಿ ಮುಚ್ಚಿ ಪಕ್ಕಕ್ಕೆ ಇಟ್ಟು, ಜೇಬಿನಿಂದ ಪೆನ್ನು ತೆಗೆದು ಒಂದು ಖಾಲಿ ಚೀಟಿಯ ಮೇಲೆ ಬರೆದರು. ದೊಡ್ಡ ಅಕ್ಷರದಲ್ಲಿ, ನನಗೂ ಕಾಣುವಂತೆ.

ನಿನಗೆ ಏನು ಬೇಕು?

ಚಿತ್ರವಿರಲಿಲ್ಲ. ಮುಚ್ಚುವುದಕ್ಕೆ ಏನೂ ಇಲ್ಲದೆ ನೀಲಮ್ಮನ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ಬೆರಳು ಮೊದಲ ಅಕ್ಷರದ ಕೆಳಗೆ ಬಂತು. ತುಟಿಗಳು ಅಲುಗಿದವು, ದನಿ ಬರಲಿಲ್ಲ. ಬೆರಳು ಮುಂದೆ ಮುಂದೆ ಹೋಯಿತು. ‘ಏ’ ಹತ್ತಿರ ಬಹಳ ಹೊತ್ತು ನಿಂತಿತು. ಕೊನೆಯ ಅಕ್ಷರಕ್ಕೆ ಬೆರಳು ಮುಟ್ಟಿತು. ಅವಳು ಓದಿ ಹೇಳಲಿಲ್ಲ. ಮುಖ ಎತ್ತಿ ಡಾಕ್ಟರಿಗೆ ಉತ್ತರ ಕೊಟ್ಟಳು.

“ಮನಿಗಿ ಹೋಗಬೇಕ್ರಿ.”

ಡಾಕ್ಟರು ಪೆನ್ನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, “ಹೋಗವ್ವಾ. ನಿನಗ ಇಲ್ಲೇನು ಕೆಲಸ ಅದ?” ಎಂದು ಅವಳ ಹೆಸರಿನ ಕಾಗದವನ್ನು ಸಿದ್ರಾಮಪ್ಪನವರ ಕೈಗೆ ವಾಪಸು ಕೊಟ್ಟರು. ಮಹಾದೇವಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಸಿದ್ರಾಮಪ್ಪನವರು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಿದರು. ಚಹಾ ಕುಡಿಯುತ್ತಾ, ಅಕ್ಕೋರೆ, ನೀವು ಬಹಳ ಜೋರು ಎಂದರು. ಜೋರಾಗಿ ಹೇಳಿದರೂ ನಿಮಗೆ ಕೇಳುವುದಿಲ್ಲವಲ್ಲ ಸರ್ ಎಂದೆ.

ನಿಜವಾಗಿಯೂ ಕೇಳಿರಲಿಲ್ಲ. ಆ ಮಾರ್ಚಿನಲ್ಲಿ ಮತ್ತೆ ಅನುದಾನ ಬಂತು, ಸಿದ್ರಾಮಪ್ಪನವರು ತಾಲ್ಲೂಕಿಗೆ ಹೋದರು. ಈ ಸಲ ಫಲಿತಾಂಶ ಚೆನ್ನಾಗಿ ಬಂದದ್ದರಿಂದ ಖುಷಿಯಾಗಿ ಅದೇ ಬಣ್ಣದ ಪುಸ್ತಕದ ಇನ್ನೊಂದು ಕಟ್ಟು ತಂದರು. ನಾನು ಆ ಕಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಯಾರನ್ನು ಬೈಯುವುದು? ಆ ಮನುಷ್ಯ ನನ್ನನ್ನು ಮೆಚ್ಚಿಸಲೆಂದೇ ತಂದಿದ್ದರು. ಕೆಲವು ವರ್ಷಗಳ ನಂತರ ನನಗೆ ನಿವೃತ್ತಿಯಾಯಿತು. ಲಗ್ನಪತ್ರಿಕೆಯ ಪುಸ್ತಕಗಳನ್ನು ಕಪಾಟಿನಲ್ಲಿ ಮುಂದೆಯೇ ಕಾಣುವಂತೆ ಇಟ್ಟು ಬಂದೆ. ನನ್ನ ಜಾಗಕ್ಕೆ ಬಂದವರು ಅವನ್ನು ಹಳೆಯ ಪತ್ರಿಕೆಗಳೆಂದು ತಿಳಿದು ಭಕ್ತಿಯಿಂದ ಹೊಳೆಗೆ ಬಿಟ್ಟರು ಎಂದು ಆಮೇಲೆ ಕೇಳಿದೆ.

ಈಚೆಗೆ ಕರಜಗಿಗೆ ಬೀಗರ ಮನೆಗೆ ಹೋದವಳು ಆ ಹಳ್ಳಿಗೂ ಹೋಗಿ ಬಂದೆ. ಮಹಾದೇವಿಯ ಮನೆಯ ಅಂಗಳದಲ್ಲಿ ಈಚಲ ಚಾಪೆಯ ಮೇಲೆ ಇಬ್ಬರು ಹುಡುಗಿಯರು ಕೂತಿದ್ದರು. ನೀಲಮ್ಮ ಈಗ ಏಳನೇ ತರಗತಿ. ನೋಡಿದ ಕೂಡಲೇ ಎದ್ದು ನಿಂತಳು. ಅಂದಿನ ಕಂಕುಳ ಕೂಸು ಗಂಗಾ ಈ ವರ್ಷ ಒಂದನೇ ತರಗತಿಗೆ ಸೇರಿದೆ. ಅದರ ತೊಡೆಯ ಮೇಲೆ ಬಣ್ಣದ ಪುಸ್ತಕ. ಹೊಸ ಅಚ್ಚು, ಮೊದಲಿಗಿಂತ ಹೊಳಪು ಹೆಚ್ಚು, ಫೋನಿನಲ್ಲಿ ನೋಡಿದರೆ ಹಾಡುತ್ತದೆ ಎಂದು ಮೇಲೆ ಬರೆದಿತ್ತು. ನನಗೆ ನೋಡುವುದೇ ಬೇಡವಾಗಿತ್ತು. ಆದರೂ ಕೈಗೆ ತೆಗೆದುಕೊಂಡು ಪುಟ ತಿರುವಿದೆ.

ಪ್ರತಿ ಚಿತ್ರದ ಮೇಲೂ ನೋಟುಬುಕ್ಕಿನ ಹಾಳೆಯ ತುಂಡೊಂದನ್ನು ಅನ್ನದ ಅಗುಳಿನಿಂದ ಅಂಟಿಸಿದ್ದರು. ಅಕ್ಷರ ಮಾತ್ರ ಹೊರಗೆ.

ನಾನೇ ಅಂಟಿಸಿದೆ ಎಂದಳು ನೀಲಮ್ಮ. ಗಂಗಾ ಅಕ್ಕನ ಕಣ್ಣು ತಪ್ಪಿಸಿ ಒಂದು ತುಂಡಿನ ಅಂಚನ್ನು ಉಗುರಿನಿಂದ ಎಬ್ಬಿಸಿ, ಒಳಗೆ ಇಣುಕಿ, ‘ಉ’ ಎಂದಿತು. ನೀಲಮ್ಮನ ಅಂಗೈ ಪಟ್ಟನೆ ಪುಟದ ಮೇಲೆ ಬಿತ್ತು.

“ಚಿತ್ರ ನೋಡಬ್ಯಾಡಬೇ, ಅಕ್ಷರ ನೋಡು. ಎಷ್ಟ ಸಲ ಹೇಳಬೇಕ ನಿನಗ? ನನ್ನ ಬಾಯಿ ಬಿದ್ದು ಹೋಗ್ಲಿಕ್ಕತ್ತದ” ಎಂದಳು. ಆಮೇಲೆ ನನ್ನ ಕಡೆ ತಿರುಗಿ ಅದೇ ಸಿಟ್ಟಿನಲ್ಲಿ, “ಇನ್ನಾ ಅದೇ ಉಳ್ಳಾಗಡ್ಡಿ ಹಾಕ್ಯಾರ ನೋಡ್ರಿ ಅಕ್ಕೋರೆ, ಇವರಿಗಿ ಹೇಳೋರ ಯಾರೂ ಇಲ್ಲೇನ್ರಿ?” ಎಂದಳು.

ಒಳಗಿನಿಂದ ಚಹಾದ ಲೋಟ ಹಿಡಿದು ಬಂದ ಮಹಾದೇವಿ, ಇಬ್ಬರೂ ಒಂದೇ ನಮೂನಿ ಒದರುತ್ತೀರಿ ಎಂದು ನಕ್ಕಳು. ನಾನು ಚಾಪೆಯ ಒಂದು ಮೂಲೆಯಲ್ಲಿ ಕೂತೆ. ನೀಲಮ್ಮ ಅಂಗೈಯನ್ನು ಚಿತ್ರದ ಮೇಲಿಂದ ತೆಗೆಯದೆ, ಇನ್ನೊಂದು ಕೈಯ ಬೆರಳನ್ನು ಅಕ್ಷರದ ಕೆಳಗೆ ಇಟ್ಟಳು. ಗಂಗಾ ಮೂಗು ಒರೆಸಿಕೊಂಡು ಬಗ್ಗಿ ನೋಡಿ, ‘ಈ’ ಎಂದಿತು.